ತಪ್ಪು ಕಲ್ಪನೆ ಮತ್ತು ಸತ್ಯ: ಪದೇ ಪದೇ ಬರುವ ಸೋಂಕು ಮತ್ತು ‘ಇಮ್ಯುನಿಟಿ ಹೆಚ್ಚಿಸುವ’ ಮಾತು

ವಯಸ್ಕರಿಗೆ ಸೋಂಕು ಮತ್ತೆ ಮತ್ತೆ ಮರುಕಳಿಸಿದರೆ ‘ರೋಗನಿರೋಧಕ ಶಕ್ತಿ ಕುಂದಿದೆ, ಹೆಚ್ಚಿಸಿಕೊಳ್ಳಿ’ ಎಂಬ ಒಂದೇ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಕೋವಿಡ್ ಕಾಲದಲ್ಲಿ ಕಷಾಯದ ಪುಡಿ, ಮಾತ್ರೆ, ಟಾನಿಕ್‌ಗಳೆಲ್ಲ ಈ ಮಾತಿನ ಬಲದಿಂದಲೇ ಬಿಕರಿಯಾದವು. ಈ ನಂಬಿಕೆ ಪೂರ್ತಿ ಸೋಲುವ ಒಂದು ಕಾಯಿಲೆಯಿದೆ: ದೇಹ ತನ್ನದೇ ಇಂಟರ್‌ಫೆರಾನ್ ಗಾಮಾ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುವ ಪ್ರತಿರಕ್ಷಾ ಕೊರತೆ.

ಇಂಟರ್‌ಫೆರಾನ್ ಗಾಮಾ ಒಂದು ಸಂದೇಶವಾಹಕ ಪ್ರೋಟೀನು. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶ ರೋಗಾಣುವನ್ನು ನುಂಗುತ್ತದೆ. ನುಂಗಿದ್ದನ್ನು ಒಳಗೇ ಕೊಲ್ಲಲು ಅದಕ್ಕೆ ಟಿ ಕೋಶಗಳು ಕಳುಹಿಸುವ ಈ ಸಂದೇಶ ಬೇಕು. ರೋಗಿಯ ಪ್ರತಿಕಾಯಗಳು ಆ ಸಂದೇಶವನ್ನು ದಾರಿಯಲ್ಲೇ ಹಿಡಿದು ನಿಷ್ಕ್ರಿಯಗೊಳಿಸುತ್ತವೆ. ಕೋಶಗಳಿಗೆ ಕೊರತೆಯಿಲ್ಲ, ಪ್ರತಿಕಾಯ ತಯಾರಿಸುವ ಸಾಮರ್ಥ್ಯಕ್ಕೂ ಕುಂದಿಲ್ಲ. ಆ ಸಾಮರ್ಥ್ಯ ತಪ್ಪು ಗುರಿಯತ್ತ ತಿರುಗಿರುವುದೇ ಇಲ್ಲಿನ ರೋಗ. ಹೀಗಿರುವಾಗ ಹೆಚ್ಚಿಸಬೇಕಾದದ್ದು ಯಾವುದನ್ನು ಎಂಬ ಪ್ರಶ್ನೆಗೆ ಯಾವ ಜಾಹೀರಾತಿನಲ್ಲೂ ಉತ್ತರವಿಲ್ಲ.

ಥಾಯ್ಲೆಂಡ್ ಮತ್ತು ತೈವಾನ್‌ನ 203 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ದೇಹವಿಡೀ ಹರಡಿದ ಕ್ಷಯೇತರ ಮೈಕೋಬ್ಯಾಕ್ಟೀರಿಯಾ ಅಥವಾ ಇತರ ಅವಕಾಶವಾದಿ ಸೋಂಕು ತಗುಲಿದ್ದ ವಯಸ್ಕರಲ್ಲಿ ಶೇ 88ರಷ್ಟು ಮಂದಿಯಲ್ಲಿ ಈ ಪ್ರತಿಕಾಯ ಅಧಿಕ ಪ್ರಮಾಣದಲ್ಲಿತ್ತು. ಅವರಾರಿಗೂ ಎಚ್‌ಐವಿ ಇರಲಿಲ್ಲ. ಇಂಥ ರೋಗಿಗಳಲ್ಲಿ ದುಗ್ಧಗ್ರಂಥಿಗಳು ಊದಿಕೊಳ್ಳುತ್ತವೆ, ಜ್ವರ ಬಿಡುವುದಿಲ್ಲ; ಸಾಲ್ಮೊನೆಲ್ಲಾ ರಕ್ತಕ್ಕಿಳಿಯುತ್ತದೆ; ಟಲರೊಮೈಸಿಸ್‌ನಂಥ ಶಿಲೀಂಧ್ರ, ಸರ್ಪಸುತ್ತು ಒಂದರ ಹಿಂದೊಂದು ಬರುತ್ತವೆ. ಕ್ಷಯ ಪತ್ತೆಗೆ ಮಾಡುವ ಇಂಟರ್‌ಫೆರಾನ್ ಗಾಮಾ ರಕ್ತಪರೀಕ್ಷೆಯೂ ಹಲವರಲ್ಲಿ ‘ನಿರ್ಧರಿಸಲಾಗದು’ ಎಂದು ಬರುತ್ತದೆ. ಅಳೆಯಬೇಕಾದ ವಸ್ತುವನ್ನೇ ಪ್ರತಿಕಾಯ ಹಿಡಿದಿಟ್ಟುಕೊಂಡಿರುವುದು ಅದಕ್ಕೆ ಕಾರಣ.

ಚಿಕಿತ್ಸೆಯೂ ಜನಪ್ರಿಯ ನಂಬಿಕೆಗೆ ನೇರ ವಿರುದ್ಧವಾಗಿದೆ. ಸೋಂಕಿಗೆ ತಕ್ಕ ಆ್ಯಂಟಿಬಯಾಟಿಕ್ ಅಥವಾ ಶಿಲೀಂಧ್ರನಾಶಕವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಅದಷ್ಟೇ ಸಾಲದಿದ್ದರೆ ಪ್ರತಿಕಾಯ ತಯಾರಿಸುವ ಕೋಶಗಳ ಮೂಲವಾದ ಬಿ ಕೋಶಗಳನ್ನು ತಗ್ಗಿಸಲು ರಿಟುಕ್ಸಿಮ್ಯಾಬ್, ಇಲ್ಲವೇ ಸೈಕ್ಲೋಫಾಸ್ಫಮೈಡ್ ನೀಡಲಾಗುತ್ತದೆ. ಸೋಂಕಿನಿಂದ ನರಳುವವರ ಪ್ರತಿರಕ್ಷೆಯ ಒಂದು ಭಾಗವನ್ನು ಬೇಕೆಂದೇ ಅಡಗಿಸುವುದು ಇಲ್ಲಿ ಸರಿಯಾದ ಚಿಕಿತ್ಸೆ.

ಉಳಿದ ತಪ್ಪು ಕಲ್ಪನೆಗಳಿಗೆ ಉತ್ತರ ಚಿಕ್ಕದು. ಇದು ‘ಹೊಸ ಏಡ್ಸ್’ ಅಲ್ಲ, ಇದರ ಹಿಂದೆ ಹರಡುವ ವೈರಾಣುವಿಲ್ಲ. ರೋಗಿಯ ಜೊತೆ ಉಂಡರೆ, ಬಾಳಿದರೆ ಈ ಕೊರತೆ ಅಂಟುವುದಿಲ್ಲ. ಇದು ಹುಟ್ಟಿನಿಂದ ಬಂದದ್ದೂ ಅಲ್ಲ; ಕೆಲವು ಎಚ್‌ಎಲ್‌ಎ ಜೀನ್ ಬಗೆಗಳು ಒಲವು ತಂದರೂ ಕಾಯಿಲೆ ತಲೆಯೆತ್ತುವುದು ಹೆಚ್ಚಾಗಿ ನಡುವಯಸ್ಸಿನಲ್ಲಿ. ಊದಿದ ಗ್ರಂಥಿಯೆಲ್ಲ ಕ್ಷಯವಲ್ಲ; ಸೂಕ್ಷ್ಮದರ್ಶಕದಡಿ ಕ್ಷಯೇತರ ಮೈಕೋಬ್ಯಾಕ್ಟೀರಿಯಾವೂ ಕ್ಷಯಾಣುವಿನಂತೆಯೇ ಕಾಣುವುದರಿಂದ ಕಲ್ಚರ್ ಅಥವಾ ಜೀನ್ ಪರೀಕ್ಷೆ ಅಗತ್ಯ.

ಪ್ರತಿರಕ್ಷೆ ಎಂಬುದು ಏರಿಸಿ ಇಳಿಸುವ ಒಂದೇ ಅಳತೆಯಲ್ಲ. ನೂರಾರು ಸಂದೇಶಗಳ ಹೊಂದಾಣಿಕೆ. ಕಾರಣ ಕೇಳದೆ ಪರಿಹಾರ ಕೊಳ್ಳುವ ಅಭ್ಯಾಸ ಈ ಸರಳ ಸತ್ಯವನ್ನು ಮರೆಸಿದೆ, ಮತ್ತು ಅದರ ಬೆಲೆ ತೆರುವವರು ರೋಗಿಗಳು. ಟಾನಿಕ್‌ನಲ್ಲಿ ಕಳೆದ ಪ್ರತಿ ತಿಂಗಳೂ ಸೋಂಕು ಮೂಳೆಗೆ, ಶ್ವಾಸಕೋಶಕ್ಕೆ ಇಳಿಯಲು ಸಿಕ್ಕ ಅವಕಾಶ. ಸೋಂಕು ಮರುಕಳಿಸಿದರೆ ಮೊದಲು ಸಕ್ಕರೆ ಕಾಯಿಲೆ ಮತ್ತು ಎಚ್‌ಐವಿ ಪರೀಕ್ಷೆ ಆಗಬೇಕು. ಅವೆರಡೂ ಇಲ್ಲದೆ ಅಪರೂಪದ ರೋಗಾಣುಗಳು ಕಾಣಿಸಿಕೊಂಡರೆ ಪ್ರತಿಕಾಯ ಪರೀಕ್ಷೆಗಾಗಿ ತಜ್ಞರನ್ನು ಕಾಣಬೇಕು.