ಹೆದರಿ ಬಿದ್ದವಳಿಗೆ ಇಸಿಜಿ ಮಾಡಿಸಿದ್ದೀರಾ?

ಬೆಳಿಗ್ಗೆ ಹತ್ತಕ್ಕೆ ವೈವಾ ಇದೆ ಎಂದರೆ ನಮ್ಮ ನರ್ಸಿಂಗ್ ಹಾಸ್ಟೆಲಿನಲ್ಲಿ ಹಿಂದಿನ ರಾತ್ರಿಯಿಂದಲೇ ಒಂದು ಮಾತು ಶುರುವಾಗುತ್ತದೆ: ‘ಎದೆ ಡವಡವ ಅಂತಿದೆ ಕಣೇ’. ಹೇಳಿದವಳೂ ಅದನ್ನು ಕಾಯಿಲೆ ಅಂದುಕೊಂಡಿರುವುದಿಲ್ಲ, ಕೇಳಿದವಳೂ ಅಂದುಕೊಳ್ಳುವುದಿಲ್ಲ. ಒಂದು ಲೋಟ ನೀರು ಕುಡಿದು ಮಲಗು ಎಂದು ಮಾತು ಮುಗಿಯುತ್ತದೆ. ಬಹುತೇಕ ಸಲ ಅಷ್ಟೇ ಸಾಕು. ಆದರೆ ಇದೇ ‘ಟೆನ್ಷನ್’ ಕೆಲವರನ್ನು ನಿಂತಲ್ಲೇ ಕೆಡವುತ್ತದೆ. ಅಂಥವರನ್ನು ಗುರುತಿಸುವುದು ನಾವು ತಿಳಿದಷ್ಟು ಕಷ್ಟವಲ್ಲ, ಸರಿಯಾದ ಪ್ರಶ್ನೆ ಕೇಳಬೇಕು ಅಷ್ಟೇ.

ಡವಡವದ ಹಿಂದೆ ಇರುವುದು ಮುಖ್ಯವಾಗಿ ಎರಡು ರಾಸಾಯನಿಕಗಳು. ಒಂದು ಅಡ್ರಿನಾಲಿನ್. ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಇದು ರಕ್ತಕ್ಕೆ ಸೇರುತ್ತದೆ. ಇನ್ನೊಂದು ನಾರ್‌ಅಡ್ರಿನಾಲಿನ್. ಇದು ಹೆಚ್ಚಾಗಿ ಹೃದಯದವರೆಗೂ ಹಬ್ಬಿರುವ ನರಗಳ ತುದಿಯಿಂದ ನೇರವಾಗಿ ಅಲ್ಲಿಯೇ ಬಿಡುಗಡೆಯಾಗುತ್ತದೆ. ಹೃದಯದ ಬಲ ಮೇಲ್ಭಾಗದಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಜಾಗವಿದೆ. ಪ್ರತಿ ಬಡಿತಕ್ಕೂ ವಿದ್ಯುತ್ ಸಂಕೇತ ಹೊರಡುವುದು ಅಲ್ಲಿಂದ. ಈ ಹಾರ್ಮೋನುಗಳು ತಾಕಿದ ಕೂಡಲೇ ಅದರ ವೇಗ ಏರುತ್ತದೆ. ನಿಮಿಷಕ್ಕೆ 75 ಇದ್ದ ಬಡಿತ 120 ಆಗಬಹುದು. ಜಾತ್ರೆಯ ತಮಟೆ ಮೇಳದಲ್ಲಿ ಮುಂದಾಳು ಗತಿ ಏರಿಸಿದರೆ ಉಳಿದವರೂ ಏರಿಸುತ್ತಾರಲ್ಲ, ಹಾಗೆ. ವೇಗ ಹೆಚ್ಚಾಯಿತು, ತಾಳ ತಪ್ಪಲಿಲ್ಲ. ವೈವಾದ ಎದೆಬಡಿತ ಈ ಜಾತಿಯದು.

ತಾಳ ತಪ್ಪುವುದು ಬೇರೆ ಕಥೆ. ಹೃದಯದ ಸ್ನಾಯುಕೋಶಗಳ ಒಳಗೆ ಕ್ಯಾಲ್ಸಿಯಂ ಸಂಗ್ರಹದ ಚೀಲಗಳಿವೆ. ಪ್ರತಿ ಬಡಿತಕ್ಕೂ ಚೀಲ ತೆರೆದು ಕ್ಯಾಲ್ಸಿಯಂ ಹೊರಬರಬೇಕು, ಬಡಿತ ಮುಗಿದ ಮೇಲೆ ಮತ್ತೆ ಒಳಗೆ ಹೋಗಬೇಕು. ಅಡ್ರಿನಾಲಿನ್ ಬಂದಾಗ ಚೀಲಗಳು ಎಂದಿಗಿಂತ ಹೆಚ್ಚು ತುಂಬುತ್ತವೆ, ಹಾಗಾಗಿಯೇ ಹೃದಯ ಜೋರಾಗಿ ಹಿಂಡುತ್ತದೆ. ತೀರಾ ತುಂಬಿದ ಕೊಡ ತುಳುಕುವಂತೆ, ವಿಶ್ರಾಂತಿಯ ಹೊತ್ತಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ ಸೋರಿದರೆ ಆ ಸೋರಿಕೆಯೇ ಒಂದು ಪುಟ್ಟ ವಿದ್ಯುತ್ ಪ್ರವಾಹ ಹುಟ್ಟಿಸಿ ಅಕಾಲದ ಬಡಿತವೊಂದನ್ನು ಎಬ್ಬಿಸಬಹುದು. ‘ಎದೆ ಒಂದು ಬಡಿತ ತಪ್ಪಿಸಿತು’ ಎಂದು ನಮಗೆ ಅನ್ನಿಸುವುದು ಸಾಮಾನ್ಯವಾಗಿ ಇಂಥ ಹೆಚ್ಚುವರಿ ಬಡಿತ ಮತ್ತು ಅದರ ನಂತರದ ಸಣ್ಣ ವಿರಾಮ. ಆರೋಗ್ಯವಂತರಿಗೂ ಹೀಗಾಗುತ್ತದೆ. ಒಂದೆರಡು ಬಂದು ಹೋದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಹುಟ್ಟಿನಿಂದಲೇ ಹೃದಯದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷವಿದ್ದವರಿಗೆ ಒಂದರ ಹಿಂದೆ ಒಂದು ಸಾಲುಗಟ್ಟಿ ಬರಬಹುದು. ಆಗ ಹೃದಯ ಅದುರುತ್ತದೆಯೇ ಹೊರತು ರಕ್ತ ದೂಡುವುದಿಲ್ಲ. ಮಿದುಳಿಗೆ ರಕ್ತ ಹೋಗದೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ಇದರ ಹಳೆಯ ದಾಖಲೆಗಳಲ್ಲೊಂದು ಜರ್ಮನಿಯದು. ಲೈಪ್‌ಜಿಗ್ ನಗರದ ವೈದ್ಯ ಮೈಸ್ನರ್ 1856ರಲ್ಲಿ ಬರೆದದ್ದು. ಕಿವಿ ಕೇಳದ ಮಕ್ಕಳ ಶಾಲೆಯ ಹುಡುಗಿಯೊಬ್ಬಳು ಏನೋ ಸಣ್ಣ ತಪ್ಪು ಮಾಡಿದ್ದಳು. ಎಲ್ಲರೆದುರು ಮುಖ್ಯಸ್ಥರ ಮುಂದೆ ನಿಲ್ಲಿಸಿದಾಗ ಕುಸಿದು ಬಿದ್ದು ಸತ್ತೇ ಹೋದಳು. ಸುದ್ದಿ ಹೇಳಿದರೆ ತಂದೆ ತಾಯಿಗೆ ಆಶ್ಚರ್ಯವೇ ಆಗಲಿಲ್ಲ. ಅವರ ಇನ್ನಿಬ್ಬರು ಮಕ್ಕಳೂ ಹೀಗೆಯೇ ಹೋಗಿದ್ದರು, ಒಂದು ಮಗು ವಿಪರೀತ ಹೆದರಿ, ಇನ್ನೊಂದು ವಿಪರೀತ ಸಿಟ್ಟು ಬಂದು. ಆಗ ಇಸಿಜಿ ಯಂತ್ರವೇ ಇರಲಿಲ್ಲ. 1957ರಲ್ಲಿ ನಾರ್ವೆಯ ಇಬ್ಬರು ವೈದ್ಯರು, ಯೆರ್ವೆಲ್ ಮತ್ತು ಲಾಂಗೆ–ನೀಲ್ಸೆನ್, ಹುಟ್ಟು ಕಿವುಡಿನ ಜೊತೆಗೆ ಪದೇ ಪದೇ ಪ್ರಜ್ಞೆ ತಪ್ಪುತ್ತಿದ್ದ ಒಂದೇ ಮನೆಯ ಮಕ್ಕಳ ಇಸಿಜಿ ತೆಗೆದು ನೋಡಿದರು. ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಿದ್ಧವಾಗಲು ಬೇಕಾದ ಸಮಯ ಅವರಲ್ಲಿ ತುಂಬ ಉದ್ದವಿತ್ತು. ಇಸಿಜಿಯಲ್ಲಿ ಅದನ್ನು ಕ್ಯೂಟಿ ಅಂತರ ಎನ್ನುತ್ತೇವೆ, ಕಾಯಿಲೆಗೆ ಲಾಂಗ್ ಕ್ಯೂಟಿ ಎಂದೇ ಹೆಸರು.

ಕಿವಿಗೂ ಹೃದಯಕ್ಕೂ ಏನು ನಂಟು ಎಂದು ನನಗೂ ಮೊದಲು ಅನ್ನಿಸಿತ್ತು. ಪೊಟ್ಯಾಸಿಯಂ ಹಾದುಹೋಗುವ ಒಂದೇ ಬಗೆಯ ಬಾಗಿಲು ಎರಡೂ ಕಡೆ ಕೆಲಸ ಮಾಡುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ಅದರ ದೋಷದ ಜೀನ್ ಬಂದರೆ ಒಳಕಿವಿಯೂ ಕೆಡುತ್ತದೆ, ಹೃದಯದ ಲಯವೂ ಅಪಾಯಕ್ಕೆ ಸಿಕ್ಕುತ್ತದೆ. ರಕ್ತಸಂಬಂಧದ ಮದುವೆಗಳಲ್ಲಿ ಈ ಸಾಧ್ಯತೆ ಹೆಚ್ಚು. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಹುಟ್ಟಾ ಕಿವಿ ಕೇಳದ ಮಗುವಿಗೆ ಶ್ರವಣ ಸಾಧನ ಕೊಡಿಸಲು ಓಡಾಡುವ ನಾವು ಒಂದು ಇಸಿಜಿಯನ್ನೂ ಮಾಡಿಸಿಬಿಟ್ಟರೆ ಎಷ್ಟು ಒಳ್ಳೆಯದು! ಐದು ನಿಮಿಷದ ಕೆಲಸ, ಸೂಜಿ ಕೂಡ ಚುಚ್ಚುವುದಿಲ್ಲ. ಲಾಂಗ್ ಕ್ಯೂಟಿ ಇರುವ ಎಲ್ಲರ ಕಿವಿಯೂ ಕೆಟ್ಟಿರುವುದಿಲ್ಲ ಎಂಬುದೂ ನೆನಪಿರಲಿ. ಅದರಲ್ಲೇ ಒಂದು ಬಗೆಯವರಿಗೆ ಈಜುವಾಗ ಅಪಾಯ, ಇನ್ನೊಂದು ಬಗೆಯವರಿಗೆ ಥಟ್ಟನೆ ಕೂಗುವ ಅಲಾರಾಂ ಅಥವಾ ಫೋನಿನ ಸದ್ದೇ ಸಾಕು.

ಇಸಿಜಿಯೂ ಸುಳಿವು ಕೊಡದ ಒಂದು ಕಾಯಿಲೆ ಇದೆ. ಅದು ನಮ್ಮ ಮನೆಯಲ್ಲೇ ಇದೆ. ನನ್ನ ಚಿಕ್ಕಪ್ಪನ ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಸ್ಪೋರ್ಟ್ಸ್ ಡೇ ದಿನ ರನ್ನಿಂಗ್ ರೇಸಿನಲ್ಲಿ ದಬಕ್ಕನೆ ಬಿದ್ದಳು. ಕೈಕಾಲು ಸ್ವಲ್ಪ ಅದುರಿತು. ಯಾರೋ ಕೈಗೆ ಬೀಗದ ಕೀ ಕೊಟ್ಟರು, ಯಾರೋ ಮೂಗಿಗೆ ಈರುಳ್ಳಿ ಹಿಡಿದರು. ಅಜ್ಜಿ ‘ಗಾಳಿ ಸೋಕಿದೆ’ ಎಂದು ನಿವಾಳಿಸಿದರು. ಮತ್ತೊಮ್ಮೆ ನಾಯಿ ಅಟ್ಟಿಸಿಕೊಂಡು ಬಂದಾಗ ಬಿದ್ದಳು. ಇಸಿಜಿ ನಾರ್ಮಲ್ ಬಂತು. ಫಿಟ್ಸ್ ಇರಬೇಕೆಂದು ಒಂದೂವರೆ ವರ್ಷ ಅದರ ಮಾತ್ರೆ ನುಂಗಿದಳು. ಕೊನೆಗೆ ಇನ್ನೊಬ್ಬ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ‘ಸುಮ್ಮನೆ ಕೂತಿದ್ದಾಗಲೋ ಮಲಗಿದ್ದಾಗಲೋ ಯಾವತ್ತಾದರೂ ಬಿದ್ದಿದ್ದಾಳೇನಮ್ಮಾ?’ ಚಿಕ್ಕಮ್ಮ ಯೋಚಿಸಿ ‘ಇಲ್ಲ ಸಾರ್, ಓಡುವಾಗ, ಇಲ್ಲ ಗಾಬರಿ ಆದಾಗ’ ಎಂದರು. ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡಿದರು. ವೇಗ ಏರುತ್ತಿದ್ದಂತೆ ಅಡ್ಡಾದಿಡ್ಡಿ ಬಡಿತಗಳು ಸಾಲಾಗಿ ಕಾಣಿಸಿಕೊಂಡವು.

ಅದರ ಹೆಸರು ಉದ್ದ, ವಾರ್ಡಿನಲ್ಲಿ ಸಿಪಿವಿಟಿ ಎನ್ನುತ್ತಾರೆ. ಹೃದಯದ ರಚನೆಯಲ್ಲಿ ಏನೂ ತಪ್ಪಿರುವುದಿಲ್ಲ. ಆ ಕ್ಯಾಲ್ಸಿಯಂ ಚೀಲದ ಬಾಗಿಲು ಮಾತ್ರ ಸಡಿಲ. ಸುಮ್ಮನಿದ್ದಾಗ ಸೋರುವುದಿಲ್ಲ, ಅಡ್ರಿನಾಲಿನ್ ಬಂದಾಗ ಸೋರುತ್ತದೆ. ಬಹಳ ಮಂದಿಯಲ್ಲಿ ಇದಕ್ಕೆ ಕಾರಣವಾದ ಜೀನ್ ದೋಷ ಗೊತ್ತಾದದ್ದೇ 2001ರಲ್ಲಿ. ಅಪರೂಪದ ಕಾಯಿಲೆ, ನಿಜ. ಆದರೆ ಹೆಚ್ಚಾಗಿ ಮಕ್ಕಳು ಮತ್ತು ಹದಿಹರೆಯದವರಲ್ಲೇ ಕಾಣಿಸಿಕೊಳ್ಳುತ್ತದೆ, ಫಿಟ್ಸ್ ಎಂದು ತಪ್ಪು ತಿಳಿಯುವುದೂ ಸಾಮಾನ್ಯ.

ಭಯವೊಂದೇ ಯಾರನ್ನೂ ಕೊಲ್ಲುವುದಿಲ್ಲವೇ ಎಂದು ಕೇಳಬಹುದು. 1994ರ ಜನವರಿ 17ರ ನಸುಕಿನ 4.31ಕ್ಕೆ ಲಾಸ್ ಏಂಜಲೀಸ್ ಭಾಗದಲ್ಲಿ ಭೂಕಂಪವಾಯಿತು. ಅದಕ್ಕೂ ಹಿಂದಿನ ವಾರ ಅಲ್ಲಿ ಹೃದಯ ಸಂಬಂಧಿ ಹಠಾತ್ ಸಾವು ದಿನಕ್ಕೆ ಸರಾಸರಿ 4.6 ಇತ್ತು. ಅಂದು ಒಂದೇ ದಿನ 24. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಆಮೇಲಿನ ಲೆಕ್ಕ: ಮುಂದಿನ ಆರು ದಿನ ಅದು ಸರಾಸರಿ 2.7ಕ್ಕೆ ಇಳಿಯಿತು. ಅಂದರೆ ಗಾಬರಿ ಸಿಕ್ಕಸಿಕ್ಕವರನ್ನೆಲ್ಲ ಹಿಡಿಯಲಿಲ್ಲ, ಮೊದಲೇ ಅಂಚಿನಲ್ಲಿದ್ದವರನ್ನು ಒಂದೇ ಸಲಕ್ಕೆ ತಳ್ಳಿತು ಎಂದು ಇದನ್ನು ಓದಬಹುದು. ಭೂಮಿ ನಡುಗಿದ್ದು ಲಕ್ಷಾಂತರ ಜನರಿಗೆ, ಎಲ್ಲರ ಅಡ್ರಿನಾಲಿನ್ನೂ ಏರಿತ್ತು. ಆರ್‌ಸಿಬಿಯ ಕೊನೆಯ ಓವರ್ ನೋಡುವ ನಮ್ಮ ಹುಡುಗರ ಎದೆಗಳೂ ಹಾಗೆಯೇ, ಏರುತ್ತವೆ, ಇಳಿಯುತ್ತವೆ.

2025ರಲ್ಲಿ ಹಾಸನದ ಕಡೆಯಿಂದ ಯುವಕರ ಹೃದಯಾಘಾತದ ಸುದ್ದಿಗಳು ಬೆನ್ನುಬೆನ್ನಿಗೆ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಜನ ಸಾಲು ನಿಂತಿದ್ದರು. ಆ ಸಾಲನ್ನು ಗೇಲಿ ಮಾಡಿದವರನ್ನು ಕಂಡರೆ ನನಗಾಗದು. ಸುದ್ದಿ ಓದಿದವನ ಎದೆ ನಿಜಕ್ಕೂ ಹೊಡೆದುಕೊಂಡಿರುತ್ತದೆ, ಆ ಬಡಿತವೇ ಅವನನ್ನು ಇನ್ನಷ್ಟು ಹೆದರಿಸಿರುತ್ತದೆ. ಆದರೆ ಹೃದಯಾಘಾತವೆಂದರೆ ರಕ್ತನಾಳ ಕಟ್ಟಿಕೊಳ್ಳುವುದು, ನಲ್ಲಿಯ ಪೈಪಿನ ತೊಂದರೆ. ನಾನು ಹೇಳುತ್ತಿರುವುದು ಕರೆಂಟಿನ ತೊಂದರೆ. ಎರಡನ್ನೂ ‘ಹಾರ್ಟ್ ಪ್ರಾಬ್ಲಂ’ ಎಂಬ ಒಂದೇ ಚೀಲಕ್ಕೆ ತುಂಬುವುದರಿಂದ ಹೆದರಬೇಕಿಲ್ಲದವರು ಹೆದರುತ್ತಾರೆ, ತೋರಿಸಬೇಕಾದವರು ಮನೆಯಲ್ಲೇ ಉಳಿಯುತ್ತಾರೆ.

ಹಾಗಾದರೆ ಯಾರು ತೋರಿಸಬೇಕು? ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಅಥವಾ ಸಿಟ್ಟಿನ ಭರದಲ್ಲಿ ಪ್ರಜ್ಞೆ ತಪ್ಪಿದವರು, ಒಂದೇ ಸಲವಾದರೂ ಸರಿ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಕಾರಣ ತಿಳಿಯದೆ ಹೋಗಿದ್ದರೆ, ಈಜು ಬರುತ್ತಿದ್ದವರು ಕೆರೆಯಲ್ಲಿ ಮುಳುಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಬಿಸಿಲಲ್ಲಿ ಪ್ರಾರ್ಥನೆಗೆ ನಿಂತು ಕಣ್ಣು ಕತ್ತಲೆ ಬಂದು ಮೆಲ್ಲಗೆ ಕುಸಿಯುವುದು ಬೇರೆ, ಸಾಮಾನ್ಯವಾಗಿ ಅದು ಅಪಾಯವಲ್ಲ. ಬಿದ್ದವರು ಅಲುಗಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಈರುಳ್ಳಿ, ಕೀ ಹುಡುಕುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಎದೆಯ ನಡುವೆ ಎರಡೂ ಕೈ ಇಟ್ಟು ಜೋರಾಗಿ, ವೇಗವಾಗಿ ಒತ್ತುತ್ತಲೇ ಇರಿ.

ಅಡ್ರಿನಾಲಿನ್ ಹೃದಯದ ಕೋಶಗಳಿಗೆ ಅಂಟುವುದನ್ನು ತಡೆಯುವ ಬೀಟಾ ಬ್ಲಾಕರ್ ಮಾತ್ರೆಗಳು ಬಂದು ಅರ್ಧ ಶತಮಾನದ ಮೇಲಾಯಿತು. ಅವುಗಳಲ್ಲಿ ಮೊದಲು ಹೆಸರಾದ ಪ್ರೊಪ್ರನಲಾಲ್ ಕೊಟ್ಟ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ನಮ್ಮ ಹುಡುಗಿ ಈಗ ಇದೇ ಗುಂಪಿನ ಮಾತ್ರೆಯಲ್ಲಿದ್ದಾಳೆ. ಒಂದು ಹೊತ್ತೂ ತಪ್ಪಿಸುವಂತಿಲ್ಲ. ವೈವಾ ಭಯಕ್ಕೆಂದು ಈ ಮಾತ್ರೆಯನ್ನು ಗೆಳತಿಯರಿಂದ ಕೇಳಿ ನುಂಗುವವರನ್ನೂ ನೋಡಿದ್ದೇನೆ, ಆಸ್ತಮಾ ಇದ್ದವರಿಗೆ ಅದು ಉಸಿರೇ ಕಟ್ಟಿಸಬಹುದು. ಅವಳಿಗೆ ರೇಸು, ಕಬಡ್ಡಿ ಬೇಡ ಎಂದಿದ್ದಾರೆ. ಈ ಸಲದ ಸ್ಪೋರ್ಟ್ಸ್ ಡೇಯಲ್ಲಿ ಸ್ಟಾಪ್‌ವಾಚ್ ಹಿಡಿದು ಗೆರೆಯ ಬಳಿ ನಿಂತಿದ್ದಳಂತೆ. ಗುಂಡು ಹಾರಿಸುವ ಬದಲು ಪಿ.ಟಿ. ಮೇಷ್ಟ್ರು ಬಾವುಟ ಇಳಿಸಿ ರೇಸು ಬಿಟ್ಟರಂತೆ.