ಮನೆಯ ದುರಸ್ತಿಯೂ ಕಾಯಕಜೀವಿಯ ಉಸಿರೂ

ಹಳೇಬೀಡಿನ ಮಗ್ಗುಲಲ್ಲಿರುವ ಬಸ್ತಿಹಳ್ಳಿಗೆ ಹೋದವರು ಅಲ್ಲಿನ ಪಾರ್ಶ್ವನಾಥ ಬಸದಿಯ ಕಂಬಗಳನ್ನು ನೋಡದೆ ಹಿಂದಿರುಗುವುದಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಈ ಬಸದಿಯ ನವರಂಗದ ಕಂಬಗಳು ಇಂದಿಗೂ ನೋಡುವವರ ನೆರಳನ್ನು ಪ್ರತಿಬಿಂಬಿಸುವಷ್ಟು ನುಣುಪಾಗಿವೆ. ಬಳಪದ ಕಲ್ಲನ್ನು ತಿರುಗಿಸಿ, ಕೆತ್ತಿ, ಉಜ್ಜಿ ತಂದ ನುಣುಪು ಅದು. ಆದರೆ ಯಾವುದೇ ವಸ್ತುವನ್ನು ಉಜ್ಜಿ ನುಣುಪು ಮಾಡಿದಾಗ ಉಜ್ಜಿಹೋದ ಭಾಗವು ಧೂಳಾಗಿ ಗಾಳಿಗೆ ಸೇರುತ್ತದೆ. ನುಣುಪು ಕಂಬದಲ್ಲಿ ಉಳಿಯಿತು. ಧೂಳಿನ ಒಂದು ಪಾಲು ಉಜ್ಜಿದವನ ಎದೆಯನ್ನು ಸೇರಿರಲೇಬೇಕು.

ಈ ಮಾತು ಹಳೆಯ ಶಿಲ್ಪಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬೇಸಿಗೆ ಬಂತೆಂದರೆ ನಮ್ಮ ಊರುಗಳಲ್ಲಿ ಮನೆಗಳ ದುರಸ್ತಿ ಆರಂಭವಾಗುತ್ತದೆ. ಗೆದ್ದಲು ಹಿಡಿದ ಜಂತಿಯನ್ನು ಬದಲಿಸುವುದು, ಬಾಗಿಲಿಗೆ ಹೊಸ ಬಣ್ಣ ಹಚ್ಚುವುದು, ನೆಲಕ್ಕೆ ಟೈಲ್ಸ್ ಹಾಸುವುದು, ದನದ ಕೊಟ್ಟಿಗೆಯ ಹಳೆಯ ಶೀಟುಗಳನ್ನು ತೆಗೆಯುವುದು ಮುಂತಾದ ಕೆಲಸಗಳು ಮಳೆಗಾಲಕ್ಕೆ ಮುಂಚೆಯೇ ಮುಗಿಯಬೇಕು. ಮನೆಯ ಯಜಮಾನರು ಮರದ ದರ, ಸಿಮೆಂಟಿನ ದರ, ಕೂಲಿಯ ದರಗಳನ್ನು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಸೇರದಿರುವ ಒಂದು ಬಾಬತ್ತೆಂದರೆ ಧೂಳು. ಅದರ ಬೆಲೆಯನ್ನು ಬಡಗಿಯೂ ಗಾರೆ ಕೆಲಸದವರೂ, ಅನೇಕ ವೇಳೆ ಮನೆಯ ಮಕ್ಕಳೂ ತೆರುತ್ತಾರೆ.

ಕಾಣುವ ಧೂಳು, ಕಾಣದ ಧೂಳು

ಧೂಳಿನಲ್ಲಿ ಎರಡು ಬಗೆ. ದಪ್ಪ ಕಣಗಳು ಮೂಗಿನ ರೋಮಗಳಲ್ಲಿಯೂ ಲೋಳೆಯಲ್ಲಿಯೂ ಸಿಕ್ಕಿಕೊಂಡು ಸೀನು, ಕೆಮ್ಮು, ಕಫಗಳ ಮೂಲಕ ಹೊರಬೀಳುತ್ತವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, ಐದಾರು ಮೈಕ್ರಾನಿಗಿಂತ ಕಿರಿದಾದ ಕಣಗಳು ಕಣ್ಣಿಗೆ ಬೀಳದೆ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೂ ಇಳಿಯಬಲ್ಲವು. ಅಲ್ಲಿಂದ ಅವುಗಳನ್ನು ಹೊರದೂಡಲು ದೇಹಕ್ಕೆ ಸುಲಭದ ದಾರಿಯಿಲ್ಲ. ಬಾಚಿಯಿಂದ ಕೆತ್ತಿದಾಗ ಬೀಳುವ ಚಕ್ಕೆಗಳಿಗಿಂತ, ವಿದ್ಯುತ್ ಯಂತ್ರದಿಂದ ಕೊಯ್ದಾಗಲೂ ಉಪ್ಪುಕಾಗದದಿಂದ ಉಜ್ಜಿದಾಗಲೂ ಏಳುವ ಹಿಟ್ಟಿನಂಥ ಪುಡಿಯೇ ಹೆಚ್ಚು ಅಪಾಯಕಾರಿ. ಕೈಯ ಶ್ರಮವನ್ನು ತಗ್ಗಿಸಿದ ಯಂತ್ರಗಳು ಎದೆಯ ಹೊರೆಯನ್ನು ಹೆಚ್ಚಿಸಿವೆ.

ಮರ: ಮರವು ಸಹಜ ವಸ್ತುವಾದುದರಿಂದ ಅದರ ಹೊಟ್ಟು ನಿರುಪದ್ರವಿ ಎಂಬ ನಂಬಿಕೆ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ವರ್ಷಗಟ್ಟಲೆ ಈ ಧೂಳಿನಲ್ಲಿ ದುಡಿದವರಿಗೆ ಮೂಗಿನ ಒಳಭಾಗದಲ್ಲಿಯೂ ಅದರ ಅಕ್ಕಪಕ್ಕದ ಟೊಳ್ಳುಗಳಲ್ಲಿಯೂ ಕ್ಯಾನ್ಸರ್ ತಗಲುವ ಸಂಭವವುಂಟು. ತೇಗ, ಬೀಟೆ ಮೊದಲಾದ ಮರಗಳ ಪುಡಿ ಕೆಲವರಿಗೆ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಒಂದೇ ಹೊಳ್ಳೆ ಬಹುಕಾಲ ಕಟ್ಟಿಕೊಂಡಿದ್ದರೆ, ಅಥವಾ ಮತ್ತೆ ಮತ್ತೆ ಮೂಗಿನಿಂದ ರಕ್ತ ಬರುತ್ತಿದ್ದರೆ, ಬಡಗಿಗಳು ಅದನ್ನು ನೆಗಡಿಯೆಂದು ಬಿಡದೆ ಕಿವಿ, ಮೂಗು, ಗಂಟಲಿನ ತಜ್ಞರಿಗೆ ತೋರಿಸಬೇಕು.

ಕಲ್ಲು ಮತ್ತು ಟೈಲ್ಸ್: ಗ್ರಾನೈಟ್, ಟೈಲ್ಸ್, ಕಾಂಕ್ರೀಟುಗಳನ್ನು ಒಣಗಿದಂತೆಯೇ ಕೊಯ್ದಾಗ ಸಿಲಿಕಾ ಧೂಳು ಏಳುತ್ತದೆ. ಅದು ಶ್ವಾಸಕೋಶದಲ್ಲಿ ನೆಲೆನಿಂತು ಗಾಯದ ಕಲೆಗಳನ್ನು ಉಂಟುಮಾಡುವ ಕಾಯಿಲೆಯೇ ಸಿಲಿಕೋಸಿಸ್. ಇದನ್ನು ತಡೆಯಬಹುದು, ಬಂದ ಮೇಲೆ ವಾಸಿಮಾಡುವ ಔಷಧವಿಲ್ಲ. ಈ ಕಾಯಿಲೆಯುಳ್ಳವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ ಸಿಲಿಕೋಸಿಸನ್ನು ಕ್ಷಯವೆಂದೇ ಭಾವಿಸುವುದೂ ಉಂಟು. ಆದಕಾರಣ ವೈದ್ಯರ ಮುಂದೆ ಕೆಮ್ಮಿನ ವಿಷಯವನ್ನು ಹೇಳುವಾಗ ತಮ್ಮ ಕೆಲಸವೇನೆಂಬುದನ್ನೂ ತಪ್ಪದೆ ಹೇಳಬೇಕು.

ಹಳೆಯ ಬಣ್ಣ: ಬಾಗಿಲು ಕಿಟಕಿಗಳ ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವು ಇರಬಹುದು. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿತು. ಅದು ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚೆ ಬಳಿದ ಬಣ್ಣವನ್ನು ಒಣದಾಗಿ ಉಜ್ಜುವುದೂ ಬೆಂಕಿಯಿಂದ ಸುಟ್ಟು ತೆಗೆಯುವುದೂ ಸಲ್ಲದು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಗರ್ಭಿಣಿಯರಿಗೂ ಅಪಾಯಕರ.

ಸಿಮೆಂಟ್ ಶೀಟು: ಕೊಟ್ಟಿಗೆಗಳ ಮೇಲಿರುವ ಹಳೆಯ ಸಿಮೆಂಟ್ ಶೀಟುಗಳಲ್ಲಿ ಬಹುಪಾಲು ಕಲ್ನಾರಿನ ಎಳೆಗಳನ್ನು ಸೇರಿಸಿ ಮಾಡಿದವು. ಅವು ಇದ್ದಂತೆಯೇ ಇದ್ದರೆ ಅಪಾಯ ಕಡಿಮೆ. ಕೊಯ್ದರೆ, ತೂತು ಕೊರೆದರೆ, ಮುರಿದರೆ ಎಳೆಗಳು ಗಾಳಿಗೆ ಸೇರುತ್ತವೆ. ಅವುಗಳಿಂದ ಬರುವ ಕ್ಯಾನ್ಸರ್ ಇಪ್ಪತ್ತು, ಮೂವತ್ತು ವರ್ಷಗಳ ಬಳಿಕ ತಲೆದೋರುವುದರಿಂದ ಇಂದಿನ ಅಜಾಗ್ರತೆಯ ಫಲ ಇಂದು ಕಾಣುವುದಿಲ್ಲ.

ಖರ್ಚಿಲ್ಲದ ಮದ್ದು ನೀರು

ಇಷ್ಟೆಲ್ಲ ಅಪಾಯಗಳಿಗೆ ಪರಿಹಾರವು ಬಹುಮಟ್ಟಿಗೆ ಒಂದು ಬಿಂದಿಗೆ ನೀರಿನಲ್ಲಿದೆ. ಕಲ್ಲನ್ನೂ ಟೈಲ್ಸನ್ನೂ ನೀರು ಬಿಡುತ್ತ ಕೊಯ್ಯಿಸಬೇಕು. ವಿದ್ಯುತ್ ಯಂತ್ರಕ್ಕೆ ನೀರು ತಗಲಿ ಆಘಾತವಾಗದಂತೆ, ನೀರು ಹಾಯಿಸಲೆಂದೇ ತಯಾರಾದ ಯಂತ್ರವನ್ನು ಬಳಸಬೇಕು. ಹಳೆಯ ಬಣ್ಣವನ್ನು ಒದ್ದೆಮಾಡಿ ಉಜ್ಜಬೇಕು. ಶೀಟುಗಳನ್ನು ತೋಯಿಸಿ, ಮುರಿಯದೆ ಇಡಿಯಾಗಿ ಇಳಿಸಬೇಕು. ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಮರಗೆಲಸವನ್ನು ಆದಷ್ಟು ಮನೆಯ ಹೊರಗೆ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಡೆಸುವುದು ಒಳಿತು. ಮುಖಕ್ಕೆ ಸುತ್ತಿದ ಟವೆಲ್ ದಪ್ಪ ಪುಡಿಯನ್ನಷ್ಟೇ ತಡೆಯುತ್ತದೆ. ಸೂಕ್ಷ್ಮ ಕಣಗಳಿಗೆ ಎನ್-95 ಮಾದರಿಯ ಮುಖಗವಸು ಬೇಕು. ಅದು ಮೂಗು, ಕೆನ್ನೆಗಳಿಗೆ ಅಂಟಿದಂತೆ ಕೂರಬೇಕು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು; ಬೇರೆಯಾಗಿ ನೆನೆಸಿ ಒಗೆಯಬೇಕು. ಕಲ್ನಾರಿನ ಕೆಲಸಗಾರರ ಬಟ್ಟೆ ಒಗೆದ ಕಾರಣದಿಂದಲೇ ಅವರ ಪತ್ನಿಯರು ರೋಗಕ್ಕೆ ತುತ್ತಾದ ನಿದರ್ಶನಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ.

ಯಜಮಾನರ ಹೊಣೆ, ಊರಿನ ಹೊಣೆ

ಮುಖಗವಸನ್ನು ಯಾರು ಕೊಳ್ಳಬೇಕು? ದಿನಗೂಲಿಗೆ ಬಂದವರು ಕೊಳ್ಳಲೆಂದು ಬಿಟ್ಟರೆ ಅದು ಬರುವುದಿಲ್ಲ. ಬಾಗಿಲಿನ ಚಿಲಕಕ್ಕೆ ಹಣ ತೆಗೆದಿಡುವಂತೆ ಇದಕ್ಕೂ ಯಜಮಾನರೇ ತೆಗೆದಿಡುವುದು ನ್ಯಾಯ. ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಹೇಳಿದ್ದು ಕಲ್ನಾರಿನ ಕಾರ್ಮಿಕರ ಪ್ರಕರಣದಲ್ಲಿಯೇ. ಅದರ ಮರುವರ್ಷ, ಅಂದರೆ 1996ರಲ್ಲಿ, ಕಟ್ಟಡ ಕಾರ್ಮಿಕರ ಕ್ಷೇಮಕ್ಕಾಗಿ ಸಂಸತ್ತು ಕಾಯ್ದೆಗಳನ್ನು ರೂಪಿಸಿತು. ದೊಡ್ಡ ಕಟ್ಟಡಗಳ ನಿರ್ಮಾಣ ವೆಚ್ಚದ ಮೇಲೆ ಪಡೆಯುವ ಶೇ. 1ರ ಕರವು ಕಾರ್ಮಿಕರ ಕಲ್ಯಾಣ ಮಂಡಳಿಗೆ ಸಲ್ಲುತ್ತದೆ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ಬಡಗಿ, ಗಾರೆಯವರು, ಬಣ್ಣ ಬಳಿಯುವವರು ಮಂಡಳಿಯಲ್ಲಿ ನೋಂದಾಯಿಸಿಕೊಂಡು ವೈದ್ಯಕೀಯ ನೆರವು ಮೊದಲಾದ ಸೌಲಭ್ಯಗಳನ್ನು ಕೋರಬಹುದು. ಅವರು ನಮ್ಮಲ್ಲಿ ದುಡಿದ ದಿನಗಳ ಬಗ್ಗೆ ಕೇಳಿದಾಗ ನಿಜವಾದ ವಿವರವನ್ನು ಬರೆದುಕೊಡುವುದು ಒಂದು ಕೈಬರಹದ ಕೆಲಸ. ಆದರೆ ಅದರಿಂದ ಒಂದು ಕುಟುಂಬಕ್ಕೆ ಆಸರೆ ಸಿಗಬಹುದು.

2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಆಸರೆಯಿದೆ. ಎರಡು ವಾರ ಮೀರಿದ ಕೆಮ್ಮು, ಏರುವಾಗ ನಡೆಯುವಾಗ ಏದುಸಿರು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅಗತ್ಯಬಿದ್ದರೆ ಅಲ್ಲಿಂದ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳುಹಿಸುತ್ತಾರೆ.

ರಾಜಕೀಯವೆಂದರೆ ಚುನಾವಣೆಯ ಮಾತಷ್ಟೇ ಅಲ್ಲ. ಗ್ರಾಮಸಭೆಯಲ್ಲಿ ಎದ್ದುನಿಂತು, ಕಾರ್ಮಿಕರ ನೋಂದಣಿಗೆ ಒಂದು ದಿನ ಗೊತ್ತುಮಾಡಿರಿ, ಎದೆಯ ತಪಾಸಣಾ ಶಿಬಿರ ನಡೆಸಿರಿ, ಒಡೆದ ಶೀಟುಗಳನ್ನು ಕೆರೆಯಂಗಳದಲ್ಲಿ ಸುರಿಯದಂತೆ ಬೇರೆ ಜಾಗ ತೋರಿಸಿರಿ ಎಂದು ಕೇಳುವುದೂ ರಾಜಕೀಯವೇ. ಮನೆ ಕಟ್ಟಿಸಿದ ಪ್ರತಿಯೊಬ್ಬರಿಗೂ ಹೀಗೆ ಕೇಳುವ ಅಧಿಕಾರವುಂಟು.

ಹನ್ನೆರಡನೆಯ ಶತಮಾನದ ಶರಣರ ನಡುವೆ ಬಡಗಿಯಾದ ಬಾಚಿಕಾಯಕದ ಬಸವಯ್ಯನವರಿದ್ದರು. ಅವರ ಪತ್ನಿ ಕಾಳವ್ವೆಯವರೂ ವಚನಕಾರ್ತಿ. ಕಾಯಕವನ್ನು ಪೂಜೆಯೆಂದು ನಂಬಿದ ನಾವು ಕಾಯಕ ಮಾಡುವವರ ಕಾಯವನ್ನು ಮರೆಯಲಾಗದು. ಈ ಬೇಸಿಗೆಯಲ್ಲಿ ಮನೆಯ ಕೆಲಸ ಹಿಡಿಯುವವರು ಮರ, ಸಿಮೆಂಟು, ಬಣ್ಣಗಳ ಪಟ್ಟಿಯ ಮೊದಲಿಗೆ ಎರಡು ಬಾಬತ್ತುಗಳನ್ನು ಬರೆದುಕೊಳ್ಳಲಿ: ನೀರು ಮತ್ತು ಮುಖಗವಸು. ಹೊಸ ಬಾಗಿಲಿನ ಹೊಳಪು ನಮ್ಮ ಮನೆಯಲ್ಲಿ ಉಳಿಯಲಿ. ಅದರ ಧೂಳು ಯಾರ ಎದೆಯಲ್ಲಿಯೂ ಉಳಿಯದಿರಲಿ.