ಶೀರ್ಷಿಕೆಗೆ ಸಂಖ್ಯೆ ಕೊಡತಕ್ಕವರು ಯಾರು?

ಪಾಣಿನಿಯ ಅಷ್ಟಾಧ್ಯಾಯಿಯು ಎಂಟು ಅಧ್ಯಾಯಗಳಾಗಿಯೂ, ಪ್ರತಿಯೊಂದು ಅಧ್ಯಾಯವು ನಾಲ್ಕು ಪಾದಗಳಾಗಿಯೂ ವಿಭಕ್ತವಾಗಿ, ಪಾದಗಳೊಳಗೆ ಸೂತ್ರಗಳು ಅನುಕ್ರಮವಾಗಿ ನಿಂತಿರುವುದರಿಂದ, ವೈಯಾಕರಣರೊಬ್ಬರು 3.1.2 ಎಂದು ನಿರ್ದೇಶಿಸಿದೊಡನೆ ಅದು ಮೂರನೆಯ ಅಧ್ಯಾಯದ ಮೊದಲನೆಯ ಪಾದದ ಎರಡನೆಯ ಸೂತ್ರವೆಂಬುದು, ಕೇಳುವವನ ಕೈಯಲ್ಲಿರುವ ಪ್ರತಿ ಕಾಶಿಯಲ್ಲಿ ಅಚ್ಚಾದುದಾಗಲಿ ಮೈಸೂರಿನಲ್ಲಿ ಅಚ್ಚಾದುದಾಗಲಿ, ನಿಸ್ಸಂದೇಹವಾಗಿ ತಿಳಿದುಬರುತ್ತದೆ. ಕನ್ನಡದಲ್ಲಿಯೂ ಕವಿರಾಜಮಾರ್ಗದ ಮೂರು ಪರಿಚ್ಛೇದಗಳನ್ನು, ಪಂಪನ ವಿಕ್ರಮಾರ್ಜುನ ವಿಜಯದ 14 ಆಶ್ವಾಸಗಳನ್ನು ವಿದ್ವಾಂಸರು ಪದ್ಯಸಂಖ್ಯೆಯೊಡನೆ ಇದೇ ಬಗೆಯಲ್ಲಿ ಉಲ್ಲೇಖಿಸುತ್ತ ಬಂದಿದ್ದಾರೆ. ಪುಟಸಂಖ್ಯೆಯು ಮುದ್ರಣದಿಂದ ಮುದ್ರಣಕ್ಕೆ ಬದಲಾಗತಕ್ಕದ್ದು. ವಿಭಾಗಸಂಖ್ಯೆಯಾದರೋ ಗ್ರಂಥದ ಅಂಗವಿನ್ಯಾಸವನ್ನೇ ಆಶ್ರಯಿಸಿರತಕ್ಕದ್ದು. ಇಂದಿನ ವರದಿಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಮಹಾಪ್ರಬಂಧಗಳಲ್ಲಿ ನಾವು ಕಾಣುವ 1, 1.1, 1.1.1 ಎಂಬ ಕ್ರಮಕ್ಕೆ 1978ರಲ್ಲಿ ಪ್ರಕಟವಾದ ಐಎಸ್ಒ 2145 ಎಂಬ ಅಂತಾರಾಷ್ಟ್ರೀಯ ಮಾನಕವೂ ಇದೆ.

ಆದರೆ ನೆಲೆನಿಂತ ಗ್ರಂಥಕ್ಕೂ ಇನ್ನೂ ಬೆಳೆಯುತ್ತಿರುವ ಗ್ರಂಥಕ್ಕೂ ಒಂದು ಮುಖ್ಯವಾದ ಅಂತರವುಂಟು. ಅಷ್ಟಾಧ್ಯಾಯಿಯೊಳಕ್ಕೆ ಈಗ ಹೊಸ ಸೂತ್ರವನ್ನು ಸೇರಿಸತಕ್ಕವರು ಯಾರೂ ಇಲ್ಲ. ಸಂಶೋಧನ ವಿದ್ಯಾರ್ಥಿಯ ಮಹಾಪ್ರಬಂಧದ ಗತಿ ಹಾಗಲ್ಲ. ಎರಡನೆಯ ಅಧ್ಯಾಯಕ್ಕೂ ಮೂರನೆಯದಕ್ಕೂ ನಡುವೆ ಪೂರ್ವಸಂಶೋಧನೆಗಳ ಸಮೀಕ್ಷೆ ಪ್ರತ್ಯೇಕ ಅಧ್ಯಾಯವಾಗಿ ಬರಬೇಕೆಂದು ಮಾರ್ಗದರ್ಶಕರು ಸೂಚಿಸಿದರೆ ಸಾಕು, ಮೂರು ನಾಲ್ಕಾಗಬೇಕು, 3.1 ಎಂಬುದು 4.1 ಆಗಬೇಕು, 3.2.4 ಎಂಬುದು 4.2.4 ಆಗಬೇಕು, ಪರಿವಿಡಿಯೂ, “3.2ನೆಯ ಭಾಗವನ್ನು ನೋಡಿ” ಎಂಬಂತಹ ಒಳನಿರ್ದೇಶಗಳೂ ಅದನ್ನು ಅನುಸರಿಸಬೇಕು. ಸಂಖ್ಯೆಗಳನ್ನು ಕೈಯಿಂದ ಟೈಪು ಮಾಡಿದವನಿಗೆ ಇವೆಲ್ಲವನ್ನೂ ಒಂದೊಂದಾಗಿ ಹುಡುಕಿ ತಿದ್ದುವ ಶ್ರಮ ತಪ್ಪದು; ಎಷ್ಟು ಜಾಗರೂಕತೆಯಿಂದ ತಿದ್ದಿದರೂ ಒಂದೆರಡು ಕಣ್ತಪ್ಪಿ ಉಳಿದು, ಮೌಲ್ಯಮಾಪಕರ ಕಣ್ಣಿಗೆ ಮೊದಲು ಬೀಳುವುದೂ ಅವೇ.

ಈ ಶ್ರಮಕ್ಕೆಲ್ಲ ಮೂಲಕಾರಣ, ಸಂಖ್ಯೆಯು ಶೀರ್ಷಿಕೆಯ ಮಾತುಗಳಲ್ಲಿ ಒಂದೆಂದು ನಾವು ಭಾವಿಸಿರುವುದು. ಊಟದ ಪಂಕ್ತಿಯಲ್ಲಿ ನಡುವೆ ಒಬ್ಬರು ಬಂದು ಕುಳಿತರೆ ಐದನೆಯವರಾಗಿದ್ದವರು ಆರನೆಯವರಾಗುತ್ತಾರೆ. ಅದಕ್ಕಾಗಿ ಯಾರೂ ಅವರ ಹೆಸರನ್ನು ತಿದ್ದುವುದಿಲ್ಲ. ಶೀರ್ಷಿಕೆಯ ಸಂಖ್ಯೆಯೂ ಹೀಗೆಯೇ ಸ್ಥಾನದಿಂದ ಹುಟ್ಟತಕ್ಕದ್ದು. ಆದುದರಿಂದ ಲೇಖಕನು ಹೇಳಬೇಕಾದುದು, ಇದು ಅಧ್ಯಾಯ, ಇದು ಅದರ ಭಾಗ, ಇದು ಉಪಭಾಗ ಎಂಬಿಷ್ಟನ್ನೇ. ಎಣಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಡಬಹುದು.

ಹೀಗೆ ಹೇಳುವುದಕ್ಕೆ ವರ್ಡ್ ಪ್ರೊಸೆಸರುಗಳಲ್ಲಿರುವ ಸಾಧನವೇ ಸ್ಟೈಲ್. ಒಂದು ಸಾಲನ್ನು ದಪ್ಪಕ್ಷರವಾಗಿಸಿ, ಗಾತ್ರ ಹೆಚ್ಚಿಸಿ, ನಡುವಿಗೆ ತಂದಮಾತ್ರಕ್ಕೆ ಓದುಗನ ಕಣ್ಣಿಗೆ ಅದು ಶೀರ್ಷಿಕೆಯಾಗಿ ತೋರಬಹುದು; ಯಂತ್ರದ ಪಾಲಿಗೆ ಅದು ದೊಡ್ಡಕ್ಷರದ ಒಂದು ಪ್ಯಾರಾ ಮಾತ್ರ. ಅದೇ ಸಾಲಿಗೆ ಹೆಡಿಂಗ್ 1 ಎಂಬ ಸ್ಟೈಲನ್ನು ಕೊಟ್ಟರೆ ಅದು ಅಧ್ಯಾಯದ ತಲೆಬರಹವೆಂಬುದು ಯಂತ್ರಕ್ಕೂ ಗೊತ್ತಾಗುತ್ತದೆ. ಹೆಡಿಂಗ್ 2 ಭಾಗಕ್ಕೂ, ಹೆಡಿಂಗ್ 3 ಉಪಭಾಗಕ್ಕೂ ಸಲ್ಲುತ್ತವೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್ ಮತ್ತು 1 ಎಂಬ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಲಿಬ್ರೆಆಫೀಸ್ ರೈಟರ್‌ನಲ್ಲಿ ಕಂಟ್ರೋಲ್ ಮತ್ತು 1 ಒತ್ತಿದರೆ ಹೆಡಿಂಗ್ 1 ಲಭಿಸುತ್ತದೆ. ಈ ಮೊದಲ ಹೆಜ್ಜೆಯನ್ನು ಬಿಟ್ಟು ಮುಂದಿನ ಯಾವ ವಿಧಾನವನ್ನು ಅನುಸರಿಸಿದರೂ ಫಲವಿಲ್ಲ.

ಲಿಬ್ರೆಆಫೀಸ್ ಬಳಸುವವರು ಟೂಲ್ಸ್ ಮೆನುವಿನಲ್ಲಿ ಹೆಡಿಂಗ್ ನಂಬರಿಂಗ್ ಎಂಬುದನ್ನು ತೆರೆಯಬೇಕು. ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಚಾಪ್ಟರ್ ನಂಬರಿಂಗ್ ಎಂದು ಹೆಸರು. ಅಲ್ಲಿ ಹತ್ತು ಸ್ತರಗಳಿದ್ದು, ಒಂದೊಂದು ಸ್ತರವೂ ತನ್ನ ಹೆಡಿಂಗ್ ಸ್ಟೈಲಿನೊಡನೆ ಮೊದಲೇ ಬೆಸೆದುಕೊಂಡಿರುತ್ತದೆ; ಸಂಖ್ಯೆಯ ಬಗೆ ಮಾತ್ರ ನಿಗದಿಯಾಗಿರುವುದಿಲ್ಲ. ಸ್ತರವನ್ನು ಆರಿಸಿ 1, 2, 3 ಎಂಬ ಬಗೆಯನ್ನು ಗೊತ್ತುಮಾಡಿ, ಎರಡನೆಯ ಸ್ತರದಲ್ಲಿ ಷೋ ಸಬ್‌ಲೆವೆಲ್ಸ್ ಎಂಬಲ್ಲಿ 2ನ್ನೂ ಮೂರನೆಯದರಲ್ಲಿ 3ನ್ನೂ ತುಂಬಿದರೆ, 1.1 ಮತ್ತು 1.1.1 ಎಂಬ ಪೂರ್ಣರೂಪ ಸಿದ್ಧಿಸುತ್ತದೆ. ಮೊದಲನೆಯ ಸ್ತರದ ಸಂಖ್ಯೆಗೆ ಮುಂಚೆ “ಅಧ್ಯಾಯ” ಎಂಬ ಮಾತನ್ನು ಸೇರಿಸುವುದಕ್ಕೂ ಅಲ್ಲಿಯೇ ಅವಕಾಶವಿದೆ.

ವರ್ಡ್‌ನಲ್ಲಿಯಾದರೆ ಹೆಡಿಂಗ್ 1 ಸ್ಟೈಲಿರುವ ಸಾಲಿನಲ್ಲಿ ಕರ್ಸರನ್ನು ಇರಿಸಿ, ಹೋಮ್ ಪಟ್ಟಿಯ ಮಲ್ಟಿಲೆವೆಲ್ ಲಿಸ್ಟ್ ಎಂಬ ಗುಂಡಿಯನ್ನು ಒತ್ತಿ, ಹೆಡಿಂಗ್ 1, ಹೆಡಿಂಗ್ 2 ಎಂಬ ಹೆಸರುಗಳನ್ನು ಒಳಗೊಂಡ ಮಾದರಿಯನ್ನು ಆರಿಸಿದರೆ ಕೆಲಸದ ಬಹುಭಾಗ ಮುಗಿಯಿತು. ಬೇರೆ ರೂಪ ಬೇಕಾದವರು ಅದೇ ಸ್ಥಳದಲ್ಲಿ ಡಿಫೈನ್ ನ್ಯೂ ಮಲ್ಟಿಲೆವೆಲ್ ಲಿಸ್ಟ್ ಎಂಬುದನ್ನು ತೆರೆದು, ಅಲ್ಲಿರುವ ಒಂಬತ್ತು ಸ್ತರಗಳ ಪೈಕಿ ತಮಗೆ ಬೇಕಾದಷ್ಟನ್ನು ಲಿಂಕ್ ಲೆವೆಲ್ ಟು ಸ್ಟೈಲ್ ಎಂಬ ಸೌಲಭ್ಯದಿಂದ ತಕ್ಕ ಹೆಡಿಂಗ್ ಸ್ಟೈಲುಗಳಿಗೆ ಬೆಸೆಯಬೇಕು. ಈ ಬೆಸುಗೆಯೇ ಇಡೀ ವ್ಯವಸ್ಥೆಯ ಪ್ರಾಣ. ಇದನ್ನು ಬಿಟ್ಟು ಪ್ರತಿಯೊಂದು ಶೀರ್ಷಿಕೆಗೂ ಸಾಮಾನ್ಯವಾದ ಪಟ್ಟಿಯ ಗುಂಡಿಯನ್ನು ಒತ್ತುತ್ತ ಹೋದರೆ, ಎರಡನೆಯ ಅಧ್ಯಾಯದ ಎಣಿಕೆ ಮತ್ತೆ ಒಂದರಿಂದ ಆರಂಭವಾಗುವುದೇ ಮೊದಲಾದ ಅವಾಂತರಗಳು ಒದಗುತ್ತವೆ.

ಸಂಖ್ಯೆಗಳು ಹೀಗೆ ರಚನೆಯಿಂದ ಹುಟ್ಟಿದ ಮೇಲೆ ಅವುಗಳ ಉಪಯೋಗ ಶೀರ್ಷಿಕೆಗಳಲ್ಲಿಯೇ ಮುಗಿಯುವುದಿಲ್ಲ. ಪರಿವಿಡಿಯನ್ನು ಯಂತ್ರವೇ ಸಿದ್ಧಪಡಿಸಿ ಕೊಡುತ್ತದೆ. ಒಳನಿರ್ದೇಶವನ್ನು ಕ್ರಾಸ್-ರೆಫರೆನ್ಸ್ ಎಂಬ ಸೌಲಭ್ಯದಿಂದ ಸೇರಿಸಿದ್ದರೆ, ಅಧ್ಯಾಯಗಳು ಸ್ಥಳಾಂತರಗೊಂಡರೂ ಅದು ಸರಿಯಾದ ಸಂಖ್ಯೆಯನ್ನೇ ತೋರುತ್ತದೆ. ಆದರೆ ಶೀರ್ಷಿಕೆಗಳ ಸಂಖ್ಯೆ ಒಡನೆಯೇ ಬದಲಾಗುವಂತೆ ಇವೆರಡೂ ತಾವಾಗಿ ಬದಲಾಗವು. ವರ್ಡ್‌ನಲ್ಲಿ ಇಡೀ ಕಡತವನ್ನು ಆಯ್ದು ಎಫ್9 ಕೀಲಿಯನ್ನು ಒತ್ತಬೇಕು; ರೈಟರ್‌ನಲ್ಲಿ ನಿರ್ದೇಶಗಳಿಗೆ ಎಫ್9 ಒತ್ತಿ, ಪರಿವಿಡಿಯನ್ನು ಅದರ ಮೇಲೆ ಬಲಗುಂಡಿ ಒತ್ತಿ ಬೇರೆಯಾಗಿ ಪರಿಷ್ಕರಿಸಬೇಕು. ಮುದ್ರಣಕ್ಕೆ ಕಳುಹುವ ಮುನ್ನ ಇದನ್ನು ಮರೆಯತಕ್ಕದ್ದಲ್ಲ.

ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಗಳೂ ಕೆಲವುಂಟು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದ ಶೀರ್ಷಿಕೆಗಳು ಕಡತದೊಳಗೆ ಕನ್ನಡವಾಗಿ ಕಂಡರೂ, ಪಕ್ಕದ ನ್ಯಾವಿಗೇಷನ್ ಪಟ್ಟಿಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣಿಸಿಕೊಳ್ಳುತ್ತವೆ. ಆದುದರಿಂದ ಮೊದಲಿನಿಂದಲೂ ಯೂನಿಕೋಡನ್ನು ಆಶ್ರಯಿಸುವುದು ಕ್ಷೇಮ. ಕನ್ನಡ ಲಿಪಿಯನ್ನು ಈ ತಂತ್ರಾಂಶಗಳು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ವರ್ಗಕ್ಕೆ ಸೇರಿಸಿ, ಅದರ ಫಾಂಟನ್ನೂ ಗಾತ್ರವನ್ನೂ ರೋಮನ್ ಅಕ್ಷರಗಳಿಂದ ಪ್ರತ್ಯೇಕವಾಗಿ ಇರಿಸುವುದರಿಂದ, ಸಂಖ್ಯೆ ದೊಡ್ಡದಾಗಿಯೂ ಶೀರ್ಷಿಕೆ ಚಿಕ್ಕದಾಗಿಯೂ ಬಂದರೆ ಸ್ಟೈಲಿನೊಳಗೆ ಕಾಂಪ್ಲೆಕ್ಸ್ ಸ್ಕ್ರಿಪ್ಟಿನ ವಿಭಾಗವನ್ನೂ ಸರಿಪಡಿಸಬೇಕು. ಮುನ್ನುಡಿ, ಕೃತಜ್ಞತೆ ಮೊದಲಾದವುಗಳಿಗೆ ಸಂಖ್ಯೆ ಕೊಡುವ ವಾಡಿಕೆ ಇಲ್ಲವಷ್ಟೆ. ಅವುಗಳಿಗೆ ಹೆಡಿಂಗ್ 1ನ್ನು ಆಧರಿಸಿ, ಸಂಖ್ಯೆಯನ್ನು ತೆಗೆದ ಬೇರೊಂದು ಸ್ಟೈಲನ್ನು ನಿರ್ಮಿಸಿಕೊಳ್ಳಬಹುದು. ಬೇರೆ ಕಡತದಿಂದ ಭಾಗಗಳನ್ನು ತಂದು ಸೇರಿಸುವಾಗ ಅವುಗಳ ವಿನ್ಯಾಸವನ್ನು ಬಿಟ್ಟು ಬರಿಯ ಪಠ್ಯವನ್ನು ಮಾತ್ರ ಅಂಟಿಸುವುದು ಲೇಸು. ಅನ್ಯಥಾ ಆ ಕಡತದ ಎಣಿಕೆಯ ಕ್ರಮವೂ ಜೊತೆಗೆ ಬಂದು ಗೊಂದಲವಾದೀತು.

ಯಂತ್ರವು ಒಂಬತ್ತು ಹತ್ತು ಸ್ತರಗಳವರೆಗೆ ಎಣಿಸಬಲ್ಲುದೆಂದು ಅವೆಲ್ಲವನ್ನೂ ಬಳಸಬೇಕಾದುದಿಲ್ಲ. 2.3.1.4.2 ಎಂಬ ಸಂಖ್ಯೆಯನ್ನು ಹೊತ್ತ ಶೀರ್ಷಿಕೆಯಿಂದ ಓದುಗನಿಗೆ ದಾರಿ ತೋರುವುದಕ್ಕಿಂತ ದಾರಿ ತಪ್ಪುವುದೇ ಹೆಚ್ಚು. ಪಾಣಿನಿಗೆ ಮೂರು ಸ್ತರಗಳು ಸಾಕಾದುವು. ನಮ್ಮ ಬಹುಪಾಲು ಬರವಣಿಗೆಗೂ ಅಷ್ಟು ಸಾಕು. ಪ್ರಬಂಧವನ್ನೋ ವರದಿಯನ್ನೋ ಕೈಗೆತ್ತಿಕೊಳ್ಳುವವರು ಮೊದಲ ವಾಕ್ಯವನ್ನು ಬರೆಯುವ ಮುನ್ನವೇ ಈ ಮೂರು ಹೆಡಿಂಗ್ ಸ್ಟೈಲುಗಳನ್ನು ಸಿದ್ಧಪಡಿಸಿ ಸಂಖ್ಯೆಯೊಡನೆ ಬೆಸೆದುಕೊಳ್ಳಲಿ. ಬರೆದು ಮುಗಿದ ಮೇಲೆ ನೂರಾರು ಪುಟಗಳಿಗೆ ಇದನ್ನು ಅಳವಡಿಸಹೊರಡುವುದು, ಕೈಯಿಂದ ಸಂಖ್ಯೆ ತಿದ್ದುವಷ್ಟೇ ಶ್ರಮದ ಕೆಲಸ.